ಆಗಬೇಕಾದಷ್ಟೇ ನೋವು

ಹೊಗಳಿಕೆಯ ಮೇಲೆ ನನಗೆ ನಂಬಿಕೆ ಕಡಿಮೆ. ಅದು ಎದುರಾಳಿಯಿಲ್ಲದ ಚರ್ಚಾಸ್ಪರ್ಧೆ. ವೇದಿಕೆ ತುಂಬ ಪರವಾಗಿ ಮಾತಾಡುವವರು, ವಿರೋಧದ ಕುರ್ಚಿ ಖಾಲಿ. ಹೋದ ವಾರ ಗಜೇಂದ್ರಗಡದ ಒಂದು ನರ್ಸಿಂಗ್ ಹೋಮಿನ ಹಿಂದಿನ ಅಂಗಳದಲ್ಲಿ ಶಾಮಿಯಾನ ಹಾಕಿ, ಒಬ್ಬ ಡಾಕ್ಟರಬಾಯಿಯವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಬೀಳ್ಕೊಟ್ಟರು. ಅವರು ಕೆಲಸ ಬಿಟ್ಟು ಧಾರವಾಡದಲ್ಲಿರುವ ತಂಗಿಯ ಮನೆಗೆ ಹೊರಟಿದ್ದರು. ಎದ್ದು ನಿಂತ ಸರ್ಜನ್ನರೆಲ್ಲ ಒಬ್ಬರಾದ ಮೇಲೊಬ್ಬರು ‘ತಾಯಿಹೃದಯ’ ಎಂದರು. ಆ ಮಾತು ಬಂದಾಗಲೆಲ್ಲ ಬಾಯಾರು, ಅವರನ್ನು ನಾವೆಲ್ಲ ಕರೆಯುವುದೇ ಹಾಗೆ, ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಕೊನೆಗೆ ಅವರನ್ನು ಮಾತಾಡಲು ಕರೆದಾಗ, ಕೂತಲ್ಲಿಂದಲೇ ನನ್ನ ಕಡೆ ಬೆರಳು ತೋರಿಸಿ, “ಮಾತಾಡೂ ಚಟ ಆಕಿಗೈತಿ, ಆಕೀನ್ನ ಎಬ್ಬಸ್ರಿ” ಎಂದುಬಿಟ್ಟರು.

ಎದ್ದೆ. ಏನೋ ಮಾತಾಡಿದೆ. ಚೆನ್ನಾಗಿ ಬರಲಿಲ್ಲ. ವಿರೋಧಕ್ಕೆ ಯಾರೂ ಇಲ್ಲದಿದ್ದರೆ ನನಗೆ ಮಾತು ಏಳುವುದಿಲ್ಲ. ಆದ್ದರಿಂದ ಇಲ್ಲಿ ಆ ಖಾಲಿ ಕುರ್ಚಿಯಲ್ಲಿ ನಾನೇ ಕೂತು, ಅವರ ಮೇಲಿನ ಆರೋಪಗಳಿಂದ ಶುರು ಮಾಡುತ್ತೇನೆ.

ಒಂದು, ಅವರಿಗೆ ತಾಯಿಹೃದಯ ಇರಲಿಲ್ಲ. ಆಪರೇಷನ್ ಟೇಬಲ್ಲಿನ ಮೇಲೆ ನಡುಗುತ್ತ ಮಲಗಿದವರಿಗೆ ಸಣ್ಣದೊಂದು ಸುಳ್ಳು ಹೇಳುವ ದಯೆಯೂ ಇರಲಿಲ್ಲ. “ಏನೂ ಆಗೂದಿಲ್ಲ ಹೌದಿಲ್ರೀ?” ಎಂದು ಕೇಳಿದರೆ, “ಆಗತೈತಿ. ಹೊಟ್ಟಿ ಕೊಯ್ದ ಮ್ಯಾಲ ನೋವು ಆಗಲೇಬೇಕು. ಆದ್ರ ಎಷ್ಟ ಆಗಬೇಕೋ ಅಷ್ಟ ಆಗಲಿ. ಅದಕ್ಕಿಂತ ಹೆಚ್ಚಿಗಿಂದು ದಂಡ” ಎನ್ನುತ್ತಿದ್ದರು. ಇನ್ನೊಂದು, ರೋಗಿಗೆಂದು ನೆಂಟರು ತಂದಿಟ್ಟ ಬಾಳೆಹಣ್ಣನ್ನು ಕೇಳದೆ ಸುಲಿದು ತಿನ್ನುತ್ತಿದ್ದರು. ಮತ್ತೂ ಒಂದು ಹೇಳಬೇಕೆಂದರೆ, ಮಂದಿಯನ್ನು ನಿದ್ದೆಗೆ ಹಾಕುವುದೇ ಕಸುಬಾಗಿದ್ದ ಅವರು ಬಸ್ಸು ಹತ್ತಿದ ಕೂಡಲೇ ತಾವೇ ಗೊರಕೆ ಹೊಡೆಯುತ್ತಿದ್ದರು.

ಹೌದು, ಅವರು ಅರಿವಳಿಕೆಯ ಡಾಕ್ಟರು. ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ಕೊಯ್ಯುವ ಡಾಕ್ಟರುಗಳಿದ್ದರು, ಎಚ್ಚರ ತಪ್ಪಿಸುವವರು ಇರಲಿಲ್ಲ. ಹಾಗಾಗಿ ಕೊಯ್ಯುವವರು ತಂತಮ್ಮ ಊರಲ್ಲಿ ಕೂತಿರುತ್ತಿದ್ದರು, ಇವರು ಬಸ್ಸಿನಲ್ಲಿ ಅವರೆಲ್ಲರ ನಡುವೆ ಓಡಾಡುತ್ತಿದ್ದರು. ತಣ್ಣಗೇ ಇರಬೇಕಾದ ಔಷಧಿಯೊಂದಿತ್ತಂತೆ. ಅದನ್ನು ಬರ್ಫು ತುಂಬಿದ ಫ್ಲಾಸ್ಕಿನಲ್ಲಿಟ್ಟು ತೊಡೆಯ ಮೇಲೆ ಮಗುವಿನಂತೆ ಹಿಡಿದುಕೊಂಡು ಕೂಡುತ್ತಿದ್ದರು. ಕಂಡಕ್ಟರು ದಿನಾ ಅದೇ ಚೇಷ್ಟೆ ಮಾಡುತ್ತಿದ್ದ: “ಬಾಯಾರ, ಐಸ್‌ಕ್ಯಾಂಡಿ ನನಗೊಂದ ಕೊಡ್ರಲಾ.” ಅವರದೂ ಅದೇ ಉತ್ತರ: “ಕೊಡ್ತೀನಿ ತಮ್ಮಾ. ತಿಂದ ಮ್ಯಾಲ ನಿನ್ನ ಟಿಕೇಟ ನಾ ಹರೀಬೇಕಾಗತೈತಿ.”

ಕೊಯ್ದವರ ಹೆಸರು ಊರಿಗೆಲ್ಲ ಗೊತ್ತಿತ್ತು. ಇವರು ಬರೀ ‘ಎಚ್ಚರ ತಪ್ಪಿಸೂ ಬಾಯಾರು’. ನನಗೆ ಹೆಸರು ಗೊತ್ತಿದೆ, ಹಾಕುವುದಿಲ್ಲ. “ನನ್ನ ಬಗ್ಗೆ ಬರದ್ರ ಹೆಸರ ಹಾಕಬ್ಯಾಡ. ಮಂದಿ ಗುಳಿಗಿ ಕೇಳಾಕ ಧಾರವಾಡದ ತನಕ ಬರ್ತಾರ” ಎಂದು ಮೊದಲೇ ಎಚ್ಚರಿಕೆ ಕೊಟ್ಟಿದ್ದಾರೆ.

ನಮ್ಮ ಪರಿಚಯವಾದದ್ದು ನರಗುಂದದಿಂದ ನಮ್ಮೂರು ಗಜೇಂದ್ರಗಡಕ್ಕೆ ವಾಪಸು ಬರುವ ಬಸ್ಸಿನಲ್ಲಿ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಬಿ.ಎ. ಓದುತ್ತಿದ್ದೆ. ನರಗುಂದದ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಮರದ ಢಾಲನ್ನು ಹಿಡಿದು ಅವರ ಪಕ್ಕದಲ್ಲಿ ಕೂತಿದ್ದೆ. ರಸ್ತೆಯ ತಗ್ಗಿನಲ್ಲಿ ಬಸ್ಸು ಎಗರಿ ಢಾಲಿನ ಮೂಲೆ ಅವರ ಮೊಣಕಾಲಿಗೆ ಬಡಿಯಿತು. ಗೊರಕೆ ನಿಂತಿತು. ಕಣ್ಣು ಬಿಟ್ಟವರೇ ಢಾಲು ನೋಡಿದರು, ನನ್ನನ್ನು ನೋಡಿದರು.

“ಏನಂತ ಮಾತಾಡಿದಿ?”

“ವಿಜ್ಞಾನ ಮನುಷ್ಯಾಗ ಶಾಪ ಅಂತ್ರಿ.”

“ಖರೇ ಹಂಗ ಅನಸತೈತೇನ್?”

“ಹಂಗೇನಿಲ್ರಿ. ಯಾವ ಕಡೆ ಕೊಟ್ರೂ ಮಾತಾಡ್ತೀನ್ರಿ.”

“ಹಂಗಾದ್ರ ನೀ ಬಸ್ ಸ್ಟ್ಯಾಂಡಿನ ಮೈಕ್ ಇದ್ದಂಗ. ಎಲ್ಲಾ ಊರಿನ ಹೆಸರ ಹೇಳತೈತಿ, ತಾನು ಒಂದ ಊರಿಗೂ ಹೋಗೂದಿಲ್ಲ.”

ಹಿಂದಿನ ಸೀಟಿನವರು ನಕ್ಕರು. ನನಗೆ ರೋಷ ಬಂತು. ಕಸುಬು ಕೇಳಿ ತಿಳಿದುಕೊಂಡು, ಅವರದೇ ಅಂಗಳದಲ್ಲಿ ಅವರನ್ನು ಬೀಳಿಸಬೇಕೆಂದು ಹೊರಟೆ. ನೋವು ದೇಹದ ಕಾವಲುಗಾರ, ಅದರ ಬಾಯಿ ಮುಚ್ಚಿಸುವುದು ಜಾಣತನವೇ ಎಂದು ಕೇಳಿದೆ. ಅವರು ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡುತ್ತ ಹೇಳಿದರು: “ಕಳ್ಳ ಬಂದ್ರ ನಾಯಿ ಬೊಗಳಬೇಕು, ಒಪ್ಪಿದೆ. ಕಳ್ಳನ್ನ ಹಿಡದು ಕಟ್ಟಿ ಹಾಕಿದ ಮ್ಯಾಲೂ ಬೊಗಳಕೋತ ನಿಂತ್ರ ಓಣಿ ಮಂದಿ ನಿದ್ದಿ ಮಾಡೂದು ಹ್ಯಾಂಗ? ಗಾಯ ಮಾಯೂದು ನಿದ್ದ್ಯಾಗ, ಉಸಿರಾಡೂದ್ರಾಗ, ಎದ್ದು ಅಡ್ಡಾಡೂದ್ರಾಗ. ಬೊಗಳೂದ್ರಾಗಲ್ಲ.”

ಬಿಡಲಿಲ್ಲ ನಾನು. “ನೀವು ಕೊಡೂ ನೋವಿನ ಗುಳಿಗಿ ಅಫೀಮಿನ ಕುಲದ್ದು ಅಂತಾರಲ್ರಿ? ಚಟ ಹತ್ತಿದ್ರ?”

ಇಲ್ಲಿ ಅವರು ಜಾರಿಕೊಳ್ಳುತ್ತಾರೆಂದು ಕಾದಿದ್ದೆ. ಜಾರಲಿಲ್ಲ. “ಖರೇ ಐತಿ. ಬೇಕಾಬಿಟ್ಟಿ ತಗೊಂಡ್ರ ಹತ್ತತೈತಿ, ಉಸಿರೂ ಇಳಿಸತೈತಿ. ಅಂಜಿಕಿ ಇರಬೇಕು. ಅಂಜಿಕಿ ಮನೀ ಬಾಗಲಾ ಹಾಕ್ಕೊಳ್ಳಾಕ ಬೇಕು, ಮನೀ ಬಿಟ್ಟ ಓಡಾಕಲ್ಲ. ಕೊಯ್ದ ಮೊದಲಿನ ಕೆಲವು ದಿವಸ, ಬೇಕಾದಷ್ಟ, ದಿನಾ ಇಳಿಸಿಕೋತ. ಆಮ್ಯಾಲ ಬಂದ್.”

ಅಷ್ಟು ಹೇಳಿ ಮತ್ತೆ ಗೊರಕೆ. ವಾದದ ನಡುವೆ ನಿದ್ದೆ ಹೋಗುವ ಎದುರಾಳಿಯನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ.

ಅವರ ಕೆಲಸ ಎಚ್ಚರ ತಪ್ಪಿಸುವುದಕ್ಕೆ ಮುಗಿಯಬೇಕಾಗಿತ್ತು. ಉಳಿದ ಊರುಗಳಲ್ಲಿ ಮುಗಿಯುತ್ತದೆ ಎಂದೇ ಕೇಳಿದ್ದೇನೆ. ಇವರು ಮಾತ್ರ ಎಚ್ಚರಾದವರ ಹಿಂದೆ ಬೀಳುತ್ತಿದ್ದರು. ಮರುದಿನ ಬಸ್ಸು ಬದಲಿಸುವ ಹೊತ್ತಿನಲ್ಲಿ ವಾರ್ಡಿಗೆ ಬಂದು, ‘ನೋವೈತೇನು’ ಎಂದು ಮಾತ್ರ ಕೇಳುತ್ತಿರಲಿಲ್ಲ. ಆ ಪ್ರಶ್ನೆಗೆ ನಮ್ಮ ಕಡೆ ಖರೇ ಉತ್ತರ ಬರುವುದಿಲ್ಲ ಎಂಬುದು ಅವರ ವಾದ. ಅತ್ತೆ ಪಕ್ಕದಲ್ಲಿದ್ದರೆ ಸೊಸೆ ಇಲ್ಲ ಎನ್ನುತ್ತಾಳೆ, ಹೆಂಡತಿ ಪಕ್ಕದಲ್ಲಿದ್ದರೆ ಗಂಡ ಸತ್ತೆ ಎನ್ನುತ್ತಾನೆ. ಅದಕ್ಕೇ ಅವರು ಕೆಲಸ ಹೇಳುತ್ತಿದ್ದರು: “ಕೆಮ್ಮಿ ತೋರಸ್ರಿ. ಮಗ್ಗಲಾ ಹೊರಳ್ರಿ. ಕಿಡಕಿ ತನಕ ಹೋಗಿ ಎಮ್ಮಿ ಯಾವ ಬಣ್ಣದ್ದೈತಿ ನೋಡಿ ಬಂದು ಹೇಳ್ರಿ.” ಎಮ್ಮೆ ಇರುತ್ತಿರಲಿಲ್ಲ. ಹೋಗಿ ಬಂದವರು ಬೈಯುತ್ತಿದ್ದರು. ಬೈಯುವಷ್ಟು ಉಸಿರು ಸಲೀಸಾಗಿ ಬಂದರೆ ಔಷಧಿ ಸರಿಯಾಗಿದೆ ಎಂದು ಅವರ ಲೆಕ್ಕ.

ಒಮ್ಮೆ ಗೆಳತಿಯ ಅಜ್ಜಿಯನ್ನು ಮಾತಾಡಿಸಲು ರೋಣದ ದವಾಖಾನೆಗೆ ಹೋಗಿದ್ದೆ. ಅಜ್ಜಿ ಆರಾಮಾಗಿ ಕೂತು ಬ್ರೆಡ್ಡು ತಿನ್ನುತ್ತಿದ್ದಳು. ಬಾಗಿಲಲ್ಲಿ ಅವಳ ನಾದಿನಿ ಕಂಡಳೋ ಇಲ್ಲವೋ, ಬ್ರೆಡ್ಡು ದಿಂಬಿನ ಕೆಳಗೆ ಹೋಯಿತು, ಅಜ್ಜಿ ಹಾಸಿಗೆಗೆ ಒರಗಿ “ಯಪ್ಪಾ, ಜೀವಾ ಹೊಂಟೈತಿ” ಎಂದು ನರಳತೊಡಗಿದಳು. ಅಷ್ಟೇ ಅಲ್ಲ, ನೆಂಟರು ಬರುವ ಹೊತ್ತೆಂದು ಮಧ್ಯಾಹ್ನದ ಗುಳಿಗೆಯನ್ನೂ ಬಿಟ್ಟಿದ್ದಳು. ತೆಂಗಿನಕಾಯಿ, ಹಣ್ಣು ಹಿಡಿದು ಅಷ್ಟು ದೂರದಿಂದ ಬಂದವರ ಎದುರು ನಗುತ್ತ ಕೂತರೆ, ‘ಇಷ್ಟಕ್ಕ ಆಪರೇಷನ್ನ ಅಂತ ಓಡಿ ಬಂದ್ವೇನ’ ಎನ್ನುವುದಿಲ್ಲವೇ? ಬಾಯಾರು ಅಲ್ಲೇ ಇದ್ದರು. ಅಜ್ಜಿಗೆ ಒಂದು ಮಾತೂ ಅನ್ನಲಿಲ್ಲ. ನಾದಿನಿಯ ಕಡೆ ತಿರುಗಿ, ಕೋರ್ಟಿನಲ್ಲಿ ಸಾಕ್ಷಿ ಹೇಳುವವರಂತೆ ಹೇಳಿದರು: “ನೋಡ್ರೆವ್ವಾ, ನಿಮ್ಮ ವೈನಿಗೆ ಆಗಿದ್ದು ದೊಡ್ಡ ಆಪರೇಷನ್ನು. ಭಾಳ ದೊಡ್ಡದು. ನಾ ಇದ್ದೆ, ನೋಡೀನಿ. ಅವರು ನಗತಾರ ಅಂದ್ರ ಅದು ನನ್ನ ಗುಳಿಗಿ ನಗೂದು, ಅವರಲ್ಲ.”

ನಾದಿನಿಗೆ ಸಮಾಧಾನವಾಯಿತು. ಅಜ್ಜಿಯ ಮರ್ಯಾದೆ ಉಳಿಯಿತು. ಬ್ರೆಡ್ಡು ದಿಂಬಿನ ಕೆಳಗಿನಿಂದ ಹೊರಗೆ ಬಂತು. ಆಮೇಲೆ ತಿಳಿಯಿತು, ನೆಂಟರು ಬರುವ ಹೊತ್ತಿಗೇ ಅವರು ವಾರ್ಡಿಗೆ ಬರುತ್ತಿದ್ದುದು ಈ ಸಾಕ್ಷಿ ಹೇಳುವುದಕ್ಕೆ.

ಇನ್ನು ನಾನು ಗೆದ್ದ ವಾದ. ಒಂದೇ ಒಂದು ಇದೆ, ಬಿಡಲಾರೆ.

ನಮ್ಮ ಓಣಿಯಲ್ಲಿ ಗಾದಿ ಹೊಲಿಯುವ ಚಾಚಾ ಒಬ್ಬರಿದ್ದಾರೆ. ಅವರಿಗೆ ಹರ್ನಿಯಾ ಆಪರೇಷನ್ ಆಗಿ ಮನೆಗೆ ಬಂದಿದ್ದರು. ಒಂದು ಮಧ್ಯಾಹ್ನ ಚಾಚಿ ಓಡಿ ಬಂದು, “ಬಾಯಾರ ಇವತ್ತ ಊರಾಗ ಅದಾರೇನವಾ? ದೊಡ್ಡವರು ಏಳವಲ್ರು” ಎಂದಳು. ದೊಡ್ಡವರು ಅಂದರೆ ಚಾಚಾ ಅಲ್ಲ, ಚಾಚಾನ ಅಣ್ಣ. ಬಾಯಾರು ನರ್ಸಿಂಗ್ ಹೋಮಿನಲ್ಲಿದ್ದರು, ಕರೆದುಕೊಂಡು ಬಂದೆ. ಮುದುಕರು ಹಾಸಿಗೆಯ ಮೇಲೆ ಬೆವತು ಮಲಗಿದ್ದರು. ಉಸಿರು ತಡೆತಡೆದು ಬರುತ್ತಿತ್ತು. ಬಾಯಾರು ಅವರ ಭುಜ ಹಿಡಿದು ಅಲುಗಾಡಿಸಿ, ಕಣ್ಣಿನ ರೆಪ್ಪೆ ಎತ್ತಿ ನೋಡಿ, “ಏನ ಕೊಟ್ಟೀರಿ?” ಎಂದರು.

ಚಾಚಾ ತಲೆ ತಗ್ಗಿಸಿ ನಿಂತಿದ್ದರು. “ನಂದಽ ಗುಳಿಗಿ ಕೊಟ್ಟೇನ್ರಿ. ಅಣ್ಣಾ ಮೊಣಕಾಲ ಹಿಡ್ಕೊಂಡ ನರಳೂ ಮುಂದ, ನಾ ಒಬ್ಬನ ಒಳ್ಳೆ ಗುಳಿಗಿ ನುಂಗಿ ಮಲಗ್ಲೇನ್ರಿ? ಮೊದಲ ಅವನಿಗೆ, ಆಮ್ಯಾಗ ನನಗ.”

ಅಣ್ಣ ಮೊದಲೇ ನಿದ್ದೆಯ ಗುಳಿಗೆ ತೆಗೆದುಕೊಳ್ಳುವವರು. ಅದರ ಮೇಲೆ ಇದು. ಆಟೋದಲ್ಲಿ ಕರೆದೊಯ್ದು, ಆಕ್ಸಿಜನ್ ಹಚ್ಚಿ, ಬಾಯಾರು ಅಂದಿನ ಬಸ್ಸು ಬಿಟ್ಟು ಪಕ್ಕದಲ್ಲೇ ಕೂತರು. ಸಂಜೆಯ ಹೊತ್ತಿಗೆ ಮುದುಕರು ಕಣ್ಣು ಬಿಟ್ಟು, ಚಹಾ ಯಾಕೆ ಇನ್ನೂ ಬಂದಿಲ್ಲ ಎಂದು ಮನೆಮಂದಿಗೆಲ್ಲ ಬೈದರು. ಆಗ ಬಾಯಾರು ಚಾಚಾನಿಗೆ ಹೇಳಿದರು: “ಹಿರೇರಿಗೆ ಕೊಡೂ ನಿಮ್ಮ ಅದಬು ದೊಡ್ಡದ್ರಿ. ಆದ್ರ ಗುಳಿಗಿಗೆ ಹಿರೇರು ಕಿರೇರು ತಿಳಿಯೂದಿಲ್ಲ. ನಿದ್ದಿ ಗುಳಿಗಿ, ಈ ಗುಳಿಗಿ ಎರಡೂ ಒಳಗ ಭೆಟ್ಟಿಯಾದ್ರ ಉಸಿರಿನ ಕುತಗಿ ಹಿಡಿತಾವ. ಇದು ಪ್ರಸಾದ ಅಲ್ಲ, ಹಂಚಬ್ಯಾಡ್ರಿ.”

ಹೊರಗೆ ಬರುತ್ತ ನಾನೆಂದೆ: “ತಪ್ಪು ಚಾಚಾಂದಲ್ರಿ, ನಿಮ್ದು.”

“ನಂದ?”

“ನೀವು ಪೇಶಂಟಿಗೆ ಬುದ್ಧಿ ಹೇಳ್ತೀರಿ. ನಮ್ಮ ಓಣ್ಯಾಗ ಗುಳಿಗಿ ಪೇಶಂಟಿಂದಲ್ರಿ, ಮನೀದು. ಮನಿ ಯಾರ ಕೈಯಾಗ ಐತೋ ಅವರಿಗೆ ಹೇಳ್ರಿ.”

“ಯಾರ ಕೈಯಾಗ ಐತಿ ಅಂತ ಹ್ಯಾಂಗ ತಿಳೀಬೇಕು? ಕೇಳಿದ್ರ ಎಲ್ಲಾರೂ ಗಂಡಸರ ಹೆಸರ ಹೇಳ್ತಾರ.”

“ಸಕ್ಕರಿ ಡಬ್ಬಿ ಯಾರು ಇಟ್ಟಿರ್ತಾರ ಅಂತ ಕೇಳ್ರಿ.”

ಅವರು ನಿಂತುಬಿಟ್ಟರು. ಮರುವಾರದಿಂದ ಮೂರೂ ಊರುಗಳಲ್ಲಿ, ರೋಗಿಯನ್ನು ಮನೆಗೆ ಕಳಿಸುವ ಮೊದಲು, “ನಿಮ್ಮ ಮನ್ಯಾಗ ಸಕ್ಕರಿ ಡಬ್ಬಿ ಯಾರ ಕೈಯಾಗ ಐತ್ರಿ?” ಎಂಬ ಪ್ರಶ್ನೆ ಶುರುವಾಯಿತು. ಆ ಹೆಂಗಸನ್ನು ಮುಂದೆ ಕೂಡಿಸಿಕೊಂಡು ಗುಳಿಗೆ ಅವಳ ಕೈಗೇ ಕೊಡುತ್ತಿದ್ದರು. “ಊಟಾ ಆದ ಮ್ಯಾಲ ಕೊಡ್ರಿ. ಬ್ಯಾರೆ ಯಾರಿಗೂ ಕೊಡಬ್ಯಾಡ್ರಿ. ಮಂಪರು ಹೆಚ್ಚಾಗಿ ಮಾತಾಡಿಸಿದ್ರ ಏಳಲಿಲ್ಲಂದ್ರ ಮುಂದಿನ್ದು ಕೊಡದ ಹಂಗಽ ಎತಗೊಂಡ ಬರ್ರಿ. ಈ ಗುಳಿಗಿಗೆ ಹೊಟ್ಟಿ ಕಟ್ಟತೈತಿ, ಸಂಡಾಸ ಸಲೀಸ ಆಗೂದಿಲ್ಲ, ನೀರು ಹಣ್ಣು ಕೊಡ್ರಿ. ಉಳದದ್ದು ನನಗ ವಾಪಸ್ಸು.” ಕುಡಿಯುವ ಅಭ್ಯಾಸ ಇದೆಯೇ ಎಂದು ಕೇಳುವಾಗ ಮಾತ್ರ ಎಲ್ಲರನ್ನೂ ಹೊರಗೆ ಕಳಿಸುತ್ತಿದ್ದರು, ಯಾಕೆಂದರೆ ಸಕ್ಕರೆ ಡಬ್ಬಿಯ ಎದುರು ಯಾವ ಗಂಡಸೂ ಅದನ್ನು ಒಪ್ಪಿಕೊಳ್ಳುವುದಿಲ್ಲ.

ಇದು ನನ್ನ ಮಾತು ಎಂದು ಅವರು ಒಮ್ಮೆಯೂ ಯಾರೆದುರೂ ಹೇಳಲಿಲ್ಲ. ಇದನ್ನೂ ಆರೋಪಪಟ್ಟಿಗೆ ಸೇರಿಸಿಕೊಳ್ಳಿ.

ಆ ನಿಯಮ ಮುರಿದದ್ದು ನಮ್ಮ ಮನೆಯಲ್ಲೇ.

ನಮ್ಮದು ಕೈಮಗ್ಗದ ಮನೆ. ನೆಲದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಎರಡು ಕುಣಿಮಗ್ಗ, ಒಂದರಲ್ಲಿ ಅಪ್ಪ, ಒಂದರಲ್ಲಿ ಅವ್ವ. ನರೇಗಲ್ಲಿನಲ್ಲಿರುವ ನಮ್ಮ ಸೋದರಮಾವನ ಮಗಳಿಗೆ ಮದುವೆ ಗೊತ್ತಾಗಿತ್ತು. ಧಾರೆಯ ಸೀರೆ ಸೋದರತ್ತೆಯಾದ ತನ್ನ ಕೈನೇಯ್ಗೆಯದೇ ಆಗಬೇಕೆಂದು ಅವ್ವ ಮಾತು ಕೊಟ್ಟಿದ್ದಳು. ಸೀರೆ ಅರ್ಧ ಮಗ್ಗದ ಮೇಲಿರುವಾಗ ಪಿತ್ತಕೋಶದ ಹರಳು ಎದ್ದು ಕಾಡಿ, ಆಪರೇಷನ್ ಆಗಲೇಬೇಕಾಯಿತು. ಬಲಪಕ್ಕೆಯ ಕೆಳಗೆ ಉದ್ದಕ್ಕೆ ಕೊಯ್ದು ಹೊಲಿದಿದ್ದರು. ಅಪ್ಪ, “ಉಳದದ್ದು ನಾ ನೇಯ್ತೀನಿ ಬಿಡು” ಎಂದದ್ದಕ್ಕೆ ಅವ್ವ ಹಾಸಿಗೆಯಿಂದಲೇ ಸಿಡಿದಳು: “ನಿಮ್ಮ ಕೈ ಭಾರ. ನೀವು ಕುಂತಲ್ಲಿಂದ ಪಟ್ಟಿ ಬೀಳತೈತಿ. ಇಲ್ಲೀತನಕ ಅತ್ತೀದು, ಇಲ್ಲಿಂದ ಮಾವಂದು ಅಂತ ನರೇಗಲ್ ಮಂದಿ ಗೆರಿ ಹೊಡದ ತೋರಸ್ಲೇನು?” ನಿಜವೇ. ನೇಯುವ ಕೈ ಬದಲಾದರೆ ನೂಲಿನ ಒತ್ತು ಬದಲಾಗುತ್ತದೆ, ಬಟ್ಟೆ ಅದನ್ನು ಮುಚ್ಚಿಡುವುದಿಲ್ಲ.

ಮನೆಗೆ ಕಳಿಸುವ ದಿನ ಬಾಯಾರು ತಮ್ಮ ಪ್ರಶ್ನೆ ಕೇಳಿದರು. “ಸಕ್ಕರಿ ಡಬ್ಬಿ ಯಾರ ಕೈಯಾಗ ಐತಿ ತಂಗಿ?”

ಅವ್ವ ಮಲಗಿದಲ್ಲೇ ಎದೆ ಉಬ್ಬಿಸಿದಳು. “ನನ್ನ ಕೈಯಾಗ್ರಿ. ಬ್ಯಾರೆ ಯಾರ ಮುಟ್ತಾರ?”

ಬಾಯಾರು ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ. ರೋಗಿಯೇ ಮನೆಯ ಯಜಮಾನಿಯಾಗಿದ್ದರೆ ಏನು ಮಾಡಬೇಕೆಂದು ನಮ್ಮ ನಿಯಮದಲ್ಲಿ ಇರಲಿಲ್ಲ. ಗುಳಿಗೆ ಅವ್ವನ ಕೈಗೇ ಹೋಯಿತು.

ಮನೆಗೆ ಬಂದ ಅವ್ವನನ್ನು ಕೇಳಿದವರಿಗೆಲ್ಲ ಒಂದೇ ಉತ್ತರ: “ಏನೂ ನೋವಿಲ್ಲ.” ನನಗೆ ಅನುಮಾನ ಶುರುವಾಯಿತು. ಬಿಸಿ ಚಹಾ ಗುಟುಕರಿಸುವವರಂತೆ ಚೂರುಚೂರೇ ಉಸಿರು ತೆಗೆದುಕೊಳ್ಳುತ್ತಿದ್ದಳು. ಸೀನು ಬಂದರೆ ಮೂಗು ಹಿಸುಕಿ ನುಂಗುತ್ತಿದ್ದಳು. ಎದ್ದು ಅಡ್ಡಾಡು ಎಂದರೆ ಆಮೇಲೆ ಎನ್ನುತ್ತಿದ್ದಳು. ಒಂದು ಸಂಜೆ ಮೈ ಮುಟ್ಟಿದರೆ ಬೆಚ್ಚಗಿತ್ತು. ಬಾಯಾರಿಗೆ ಆಗಷ್ಟೇ ಮೊಬೈಲ್ ಬಂದಿತ್ತು, ಫೋನು ಹಚ್ಚಿದೆ. ಮರುದಿನ ರೋಣದಿಂದ ಬಂದವರು ನೇರ ನಮ್ಮ ಮನೆಗೇ ಬಂದರು.

“ಕೆಮ್ಮು ನೋಡೂಣು.”

ಅವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ಒಂದಿಷ್ಟು ಗಾಳಿ ಬಿಟ್ಟಳು.

“ಇದು ಕೆಮ್ಮಲ್ಲ, ನಾಚಿಕಿ. ಆಳಕ್ಕ ಉಸಿರ ಹಿಡದ ಕೆಮ್ಮು.” ಅವ್ವ ಪ್ರಯತ್ನಿಸಿದಳು, ಮುಖ ಬಿಳುಚಿಕೊಂಡು ಪಕ್ಕೆ ಹಿಡಿದುಕೊಂಡಳು. ಬಾಯಾರು ಬೆನ್ನಿಗೆ ಸ್ಟೆಥಾಸ್ಕೋಪು ಇಟ್ಟು ಕೇಳಿದರು. “ಗುಳಿಗಿ ತಗೊಳ್ಳಾಕಹತ್ತೀಯಿಲ್ಲೋ?”

“ತಗೊಂಡೇನ್ರಿ, ತಪ್ಪಸಿಲ್ಲ.”

“ಹೊಟ್ಟಿ ಕಟ್ಟೇತೇನು?”

“ಇಲ್ರಿ, ದಿನಾ ಚಲೋ ಹೊಂಟೈತಿ.” ಅವ್ವನಿಗೆ ಅದೂ ಒಂದು ಹೆಮ್ಮೆಯ ವಿಷಯ.

“ಹಂಗಾದ್ರ ನೀ ಒಂದ ಗುಳಿಗೀನೂ ನುಂಗಿಲ್ಲ” ಎಂದರು ಬಾಯಾರು. “ಇದನ್ನ ತಗೊಂಡು ದಿನಾ ಚಲೋ ಹೊಂಟಾಕಿನ್ನ ನಾ ಈ ಮೂರೂರಾಗ ಕಂಡಿಲ್ಲ. ಎಲ್ಲಿ ಇಟ್ಟಿ?”

ಎಷ್ಟೋ ಸ್ಪರ್ಧೆಗಳಲ್ಲಿ ಎದುರಾಳಿಯನ್ನು ಅವರದೇ ಮಾತಿನಲ್ಲಿ ಹಿಡಿಯಬೇಕೆಂದು ಹೆಣಗಿದ್ದೇನೆ. ಇಷ್ಟು ಸಲೀಸಾಗಿ ಯಾರೂ ಯಾರನ್ನೂ ಹಿಡಿದದ್ದು ನೋಡಿಲ್ಲ. ಅವ್ವ ಸುಮ್ಮನೆ ಸೊಂಟದ ಎಲೆಅಡಿಕೆಯ ಸಂಚಿ ಬಿಚ್ಚಿದಳು. ಸುಣ್ಣದ ಡಬ್ಬಿಯ ಪಕ್ಕ, ಅಡಿಕೆ ಹೋಳುಗಳ ನಡುವೆ, ಗುಳಿಗೆಗಳೆಲ್ಲ ಬೆಚ್ಚಗೆ ಕೂತಿದ್ದವು.

“ಇದ್ಯಾಕವ್ವಾ?” ನಾನು ಚೀರಿದೆ.

“ನೀ ಸುಮ್ಕ ಇರ, ಖೋಡಿ” ಎಂದು ನನ್ನನ್ನು ಗದರಿಸಿ, ಅವ್ವ ಬಾಯಾರಿಗೆ ಹೇಳಿದಳು: “ನೀವಽ ಹೇಳ್ರಿ. ಹಾಸಿಗ್ಯಾಗಿನ ನೋವು ಪುಕ್ಕಟೆ ನೋವು, ಮಲಕೊಂಡ ಸಹಿಸಬಹುದು. ಅದಕ್ಕ ಇಂಥಾ ಒಳ್ಳೆ ಗುಳಿಗಿ ಯಾಕ ಹಾಳ ಮಾಡ್ಲಿ? ಖರೇ ನೋವು ಬರೂದು ಮಗ್ಗದ ಮ್ಯಾಲ. ಅದಕ್ಕಂತ ಕೂಡಿಸಿಟ್ಟೀನಿ. ಸೋಮವಾರ ನಾಕಾರು ಒಮ್ಮೆಲೆ ನುಂಗಿ ಕುಣಿಗೆ ಇಳೀತೀನಿ. ಮದುವಿ ಹತ್ರ ಬಂತ್ರಿ ಬಾಯಾರ. ಪಟ್ಟಿ ಬೀಳಲಾರದಂಗ ಆ ಸೀರಿ ನನ್ನ ಕೈಯಾಗ ಮುಗೀಬೇಕು. ಅಷ್ಟಽ.”

ಸಿಟ್ಟಾಗುತ್ತಾರೆ ಎಂದುಕೊಂಡೆ. ನಾನಾಗಿದ್ದರೆ ಆ ಕ್ಷಣಕ್ಕೆ ಸಭೆಯನ್ನೇ ಎತ್ತಿಬಿಡುತ್ತಿದ್ದೆ. ಬಾಯಾರು ಎದ್ದು, “ಮಗ್ಗ ಎಲ್ಲೈತಿ?” ಎಂದರು. ಒಳಗೆ ಹೋಗಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಅಪ್ಪ ಹಾಂ ಹಾಂ ಎನ್ನುವಷ್ಟರಲ್ಲಿ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರು. ಲಾಳಿಯನ್ನು ಓಡಿಸುವ ಹಗ್ಗಕ್ಕೆ ಕೈ ಹಾಕಿದರು.

“ಜಗ್ಗಬ್ಯಾಡ್ರಿ ಬಾಯಾರ! ನೂಲ ಹರೀತೈತಿ!” ಅವ್ವ ಆಚೆ ಕೋಣೆಯಿಂದ ಕೂಗಿದಳು. ಮನೆಗೆ ಬಂದ ಮೇಲೆ ಅವಳು ಅಷ್ಟು ಜೋರಾಗಿ ಉಸಿರು ತೆಗೆದುಕೊಂಡದ್ದು ಅದೇ ಮೊದಲು.

ಅವರು ಜಗ್ಗಲಿಲ್ಲ. ಬರಿಗೈಯಲ್ಲೇ ಬಲಗೈ ಹಗ್ಗ ಎಳೆದಂತೆ, ಎಡಗೈ ಹಣಿಗೆಯನ್ನು ತಮ್ಮ ಕಡೆ ತಂದು ನೂಲು ಒತ್ತಿದಂತೆ ಮಾಡಿ, ಪ್ರತಿ ಸಲವೂ ತಮ್ಮ ಬಲಪಕ್ಕೆಯ ಕೆಳಗೆ ಎಲ್ಲಿ ಬಿಗಿಯುತ್ತದೆ ಎಂದು ಮುಟ್ಟಿ ನೋಡಿಕೊಂಡರು. ಕುಣಿಯ ಆಳ ನೋಡಿದರು. ಮಂಪರಿನಲ್ಲಿ ತೂಕಡಿಸಿದರೆ ತಲೆ ಎಲ್ಲಿಗೆ ಬಡಿಯುತ್ತದೆ ಎಂದು ಅಪ್ಪನನ್ನು ಕೇಳಿ, ಆ ಮರದ ಅಂಚನ್ನು ಬೆರಳಿಂದ ತಟ್ಟಿದರು. ಆಮೇಲೆ ಎದ್ದು ಬಂದು ಅವ್ವನ ಹಾಸಿಗೆಯ ಅಂಚಿಗೆ ಕೂತರು.

“ಒತ್ತು ಹ್ಯಾಂಗ ಇರಬೇಕು ತಂಗಿ?”

“ಒಂದ ಸಮ ಇರಬೇಕ್ರಿ. ಒಮ್ಮೆ ಮೆತ್ತಗ, ಒಮ್ಮೆ ಜೋರಂದ್ರ ಪಟ್ಟಿ ಬೀಳತೈತಿ.”

“ಗುಳಿಗೀನೂ ಹಂಗಽ. ಹೊತ್ತಿಗೆ ಸರಿಯಾಗಿ, ಒಂದ ಸಮ. ಇಷ್ಟ ದಿನ ಏನೂ ಇಲ್ಲ, ಸೋಮವಾರ ನಾಕಾರು ಅಂದ್ರ ಮೈಯಾಗ ಪಟ್ಟಿ ಬೀಳತೈತಿ. ನೀ ಮಗ್ಗಾ ನೇಯೂದಿಲ್ಲ, ಕುಣ್ಯಾಗ ನಿದ್ದಿ ಮಾಡ್ತಿ. ಉಸಿರೂ ನಿನ್ನ ಕೂಡ ನಿದ್ದಿ ಮಾಡತೈತಿ.”

ಅವ್ವ ಸೋಲುವವಳಲ್ಲ, ನನಗೆ ಗೊತ್ತು. ದರ ಕುದುರಿಸತೊಡಗಿದಳು: “ಹಂಗಾದ್ರ ಮಗ್ಗ ಯಾವಾಗ್ರಿ?”

“ಪುಕ್ಕಟೆ ನೋವು ಅಂದಿ ನೀನು. ಪುಕ್ಕಟೆ ಇಲ್ಲದು. ನೋವಿಗಂಜಿ ನೀ ಕೆಮ್ಮಲಿಲ್ಲ, ಕಫ ಎದ್ಯಾಗ ಕುಂತೈತಿ, ಅದಕ್ಕ ಜ್ವರ ಬಂದೈತಿ. ಈಗ ದಿಂಬು ಗಾಯಕ್ಕ ಒತ್ತಿ ಹಿಡದು ಕೆಮ್ಮು. ಸಾದಾ ನೋವಿನ ಗುಳಿಗಿ ಹೊತ್ತಹೊತ್ತಿಗೆ, ಅದರ ಕೂಡ ಈ ದೊಡ್ಡ ಗುಳಿಗಿ ಊಟಾ ಆದ ಮ್ಯಾಲ, ಕೆಲವು ದಿನ. ದಿನಾ ಅಂಗಳಕ್ಕ ಅಡ್ಡಾಡು. ಮೊದಲ ದೊಡ್ಡದು ಬಿಡೂಣು, ಆಮ್ಯಾಲ ಸಣ್ಣದು. ದೊಡ್ಡದು ಬಿಟ್ಟು, ಗಾಯ ನಾ ನೋಡಿ ಹೂಂ ಅಂದ ಮ್ಯಾಲ ಮಗ್ಗ. ಆ ಗುಳಿಗಿ ನುಂಗಿದ ದಿನ ಕುಣಿಗೆ ಇಳಿಯಂಗಿಲ್ಲ.”

“ಗುಳಿಗಿ ಇಲ್ಲಂದ್ರ ಮಗ್ಗದ ಮ್ಯಾಲ ನೋವಾಗೂದಿಲ್ಲೇನ್ರಿ?”

“ಆಗಬೇಕು. ‘ಸಾಕು, ಏಳು’ ಅಂತ ಅದು ನಿನಗ ಹೇಳಬೇಕು. ಅದರ ಬಾಯಿ ಮುಚ್ಚಿ ಕುಂತಿ ಅಂದ್ರ ಹೊಲಿಗಿ ಹೇಳೂದಿಲ್ಲ, ಹರೀತೈತಿ.”

ನಾನು ಕುಣಿದಾಡಿಬಿಟ್ಟೆ. “ಇದನ್ನಽ ನಾ ಅಂದು ಬಸ್ಸಿನ್ಯಾಗ ಅಂದಿದ್ದೆ! ನೋವು ಕಾವಲುಗಾರ ಅಂತ!”

“ಹೌದವಾ ವಕೀಲಬಾಯಿ. ಕಳ್ಳ ಮತ್ತ ಬರೂ ಹೊತ್ತಿಗೆ ನಾಯಿ ಬೊಗಳಬೇಕು. ಯಾವಾಗ ಬೊಗಳಬೇಕು, ಯಾವಾಗ ಮಲಗಬೇಕು ಅನ್ನೂದಽ ನನ್ನ ಕಸಬು.” ಸಂಚಿಯ ಗುಳಿಗೆಗಳನ್ನು ಎತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಹೊಸದಾಗಿ ಕೊಟ್ಟವನ್ನು ಯಾರು ಇಟ್ಟುಕೊಳ್ಳಬೇಕು ಎಂದಾಗ ಅಪ್ಪ ಕೈ ಚಾಚಿದ. “ಅವರ ಕೈಯಾಗ ಬ್ಯಾಡ್ರಿ, ಅವರಿಗೆ ತಮ್ಮ ಚಸ್ಮಾನಽ ಸಿಗೂದಿಲ್ಲ” ಎಂದಳು ಅವ್ವ. ಬಾಯಾರು ಪೊಟ್ಟಣವನ್ನು ನನ್ನ ಅಂಗೈಯಲ್ಲಿಟ್ಟರು.

“ಈಕಿಗೆ ಗುಳಿಗಿ ಮ್ಯಾಲ ನಂಬಿಕಿ ಇಲ್ಲ. ಹೆಚ್ಚಿಗಿ ಕೊಡೂದಿಲ್ಲ. ಏ ಹುಡುಗಿ, ಕಡಿಮೀನೂ ಕೊಡಂಗಿಲ್ಲ ಮತ್ತ.”

ಕೊಟ್ಟೆ, ಹೇಳಿದ ಹೊತ್ತಿಗೆ, ಹೇಳಿದಷ್ಟು. ಅವ್ವ ದಿಂಬು ಅವುಚಿಕೊಂಡು ಮನೆ ನಡುಗುವಂತೆ ಕೆಮ್ಮಿದಳು. ಜ್ವರ ಬಿಟ್ಟಿತು. ಹೊಟ್ಟೆ ಕಟ್ಟಿತು, ಅದಕ್ಕೆ ನನ್ನನ್ನೂ ಬಾಯಾರನ್ನೂ ಸೇರಿಸಿ ಬೈದಳು. ಗೋಡೆ ಹಿಡಿದು ಅಂಗಳಕ್ಕೆ, ಆಮೇಲೆ ಗೋಡೆ ಬಿಟ್ಟು ಓಣಿಯ ತುದಿಗೆ ನಡೆದಳು. ದೊಡ್ಡ ಗುಳಿಗೆ ನಿಂತ ಮೇಲೆ ಕೆಲವು ಉಳಿದವು. ಪಕ್ಕದ ಮನೆಯ ದೊಡ್ಡವ್ವ ಬಂದು, “ಹೆಂಗೂ ಉಳದಾವಲ್ಲ, ನನ್ನ ಸೊಂಟಕ್ಕ ಕೊಡ ಯವ್ವಾ” ಎಂದಳು. ಕೊಡಲಿಲ್ಲ. “ಓದಿದ್ದು ಹೆಚ್ಚಾಗೇತಿ ನಿನಗ” ಎಂದು ಮೂರು ದಿನ ಮಾತು ಬಿಟ್ಟಳು. ಬಾಯಾರು ಅವಳ ಸೊಂಟವನ್ನೂ ಒಂದು ದಿನ ನೋಡಿ ಬೇರೆಯದೇ ಔಷಧಿ ಕೊಟ್ಟರು, ಉಳಿದ ಗುಳಿಗೆಗಳನ್ನು ನನ್ನಿಂದ ವಾಪಸು ಇಸಿದುಕೊಂಡರು.

ಗಾಯ ನೋಡಿ ಅವರು ಹೂಂ ಅಂದ ದಿನ ಮಧ್ಯಾಹ್ನ, ಬಸ್ಸಿಗೆ ಇನ್ನೂ ಹೊತ್ತಿತ್ತೆಂದು ಅವರು ನಮ್ಮ ಪಡಸಾಲೆಯಲ್ಲೇ ಕೂತಿದ್ದರು. ಅವ್ವ ಮಗ್ಗಕ್ಕೆ ಕೈ ಮುಗಿದು ಕುಣಿಗೆ ಕಾಲು ಇಳಿಬಿಟ್ಟಳು. ಧೂಳು ಕೂರದಂತೆ ಹೊದಿಸಿದ್ದ ಬಟ್ಟೆ ತೆಗೆದು, ನೇಯ್ದಷ್ಟು ಭಾಗವನ್ನು ಒಮ್ಮೆ ಅಂಗೈಯಿಂದ ಸವರಿದಳು. ಹಗ್ಗ ಎಳೆದಳು. ಲಾಳಿ ಓಡಿತು. ಹಣಿಗೆ ಬಂದು ಒತ್ತಿತು. ಇನ್ನೊಂದು ಸಲ. ಮತ್ತೊಂದು ಸಲ. ಮೊದಲು ತಡವರಿಸುತ್ತಿದ್ದ ಸದ್ದು ಸ್ವಲ್ಪ ಹೊತ್ತಿಗೆ ಸಮವಾಯಿತು. ಆಚೆ ಮಗ್ಗದ ಅಪ್ಪ ತನ್ನ ಕೆಲಸ ನಿಲ್ಲಿಸಿ ಕೇಳುತ್ತಿದ್ದ. ನಾನು ಬಾಗಿಲಲ್ಲಿ ನಿಂತಿದ್ದೆ.

ನಾಲ್ಕು ಬೆರಳಗಲದಷ್ಟು ಬಟ್ಟೆ ಬಂದಿರಬೇಕು. ಅವ್ವ ಕೈ ನಿಲ್ಲಿಸಿದಳು. ಮುಖ ಬೆವೆತಿತ್ತು. ಬಗ್ಗಿ, ಆಪರೇಷನ್ನಿಗೆ ಮೊದಲು ನೇಯ್ದದ್ದು ಎಲ್ಲಿ ಮುಗಿದು ಇವತ್ತಿನದು ಎಲ್ಲಿ ಶುರುವಾಗಿದೆ ಎಂದು ಉಗುರಿನಿಂದ ಹುಡುಕಿದಳು. ಹುಡುಕಿದಳು, ಮತ್ತೆ ಹುಡುಕಿದಳು. ಬೆಳಕು ಹಿಡಿದು ನೋಡಿರಿ ಎಂದು ಅಪ್ಪನನ್ನು ಕರೆದಳು. ಅಪ್ಪನಿಗೂ ಸಿಗಲಿಲ್ಲ.

“ಬಾಯಾರ” ಎಂದು ಕೂಗಿದಳು ಅವ್ವ, ಯಾರೂ ಏನೂ ಕೇಳಿರಲಿಲ್ಲ, “ನೋವು ಐತ್ರಿ.”

ನಮ್ಮ ಮನೆಯಲ್ಲಿ ಆ ಮಾತು ಅವ್ವನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಬಾಯಾರು ಚಹಾದ ಬಸಿ ಕೆಳಗಿಟ್ಟರು. “ಎಷ್ಟೈತಿ?”

ಅವ್ವ ಪಕ್ಕೆ ಮುಟ್ಟಿ ನೋಡಿಕೊಂಡಳು. ಸೀರೆಯನ್ನೊಮ್ಮೆ ನೋಡಿದಳು.

“ನನಕಿಂತ ಸಣ್ಣದೈತ್ರಿ.”

“ಹಂಗಾದ್ರ ಇವತ್ತಿಗೆ ಏಳು” ಎಂದರು ಬಾಯಾರು. ಅವ್ವ ಹಟ ಮಾಡದೆ ಕುಣಿಯಿಂದ ಕಾಲು ಮೇಲೆ ತೆಗೆದಳು. ಬಾಯಾರು ಫ್ಲಾಸ್ಕು ಎತ್ತಿಕೊಂಡು, ಚಪ್ಪಲಿ ಮೆಟ್ಟಿ, ಬಸ್ ಸ್ಟ್ಯಾಂಡಿನ ಕಡೆ ಬಿರಬಿರನೆ ನಡೆದರು. ನರಗುಂದದಲ್ಲಿ ಯಾರನ್ನೋ ಎಚ್ಚರ ತಪ್ಪಿಸುವುದಿತ್ತು.